ಹತ್ತು ವರ್ಷ ನಾಲ್ಕಾದದ್ದು ಹೇಗೆ?

ಏಳೆಂಟು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆಸಿದ್ದು ರುಜುವಾತಾಗಿ, ಕರ್ನಾಟಕದ ಸೆಷನ್ಸ್ ನ್ಯಾಯಾಲಯವೊಂದು ಅಪರಾಧಿಗೆ ಹತ್ತು ವರ್ಷಗಳ ಕಠಿಣ ಸಜೆ ವಿಧಿಸಿತು. ಆತ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ. ಅಪರಾಧ ನಡೆದದ್ದು ನಿಜವೆಂದು ಹೈಕೋರ್ಟೂ ಒಪ್ಪಿತು. ಆದರೆ ಹತ್ತು ವರ್ಷದ ಸಜೆಯನ್ನು ನಾಲ್ಕು ವರ್ಷಕ್ಕೆ ಇಳಿಸಿತು.

ಯಾಕೆ? ಆತನಿಗೆ ವಯಸ್ಸು 49. ಓದುಬರಹ ಬಾರದವ. ಸಮಾಜದ ದುರ್ಬಲ ವರ್ಗಕ್ಕೆ ಸೇರಿದವ. ಕುಡಿತದ ಚಟಕ್ಕೆ ಬಿದ್ದವ, ಕೃತ್ಯ ನಡೆಸಿದ್ದೂ ಅಮಲಿನಲ್ಲಿ. ಮನೆಯಲ್ಲಿ ಮುದಿ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನೆಚ್ಚಿಕೊಂಡಿದ್ದಾರೆ. ಇವು ತೀರ್ಪಿನಲ್ಲಿ ಕೊಟ್ಟ ಕಾರಣಗಳು.

ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2000ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ನೇತೃತ್ವದ ಮೂವರು ನ್ಯಾಯಮೂರ್ತಿಗಳ ಪೀಠ ಹತ್ತು ವರ್ಷದ ಶಿಕ್ಷೆಯನ್ನು ಮತ್ತೆ ಜಾರಿಗೊಳಿಸಿತು. ಶಿಕ್ಷೆಯ ಪ್ರಮಾಣವನ್ನು ಅಪರಾಧಿಯ ನಡವಳಿಕೆ, ನೊಂದವಳ ವಯಸ್ಸು ಮತ್ತು ಸ್ಥಿತಿ, ಕೃತ್ಯದ ಘೋರತೆ ಇವುಗಳಿಂದ ಅಳೆಯಬೇಕು. ಇಬ್ಬರಲ್ಲಿ ಯಾರ ಜಾತಿಯೂ, ಧರ್ಮವೂ, ಆರ್ಥಿಕ ಸ್ಥಿತಿಗತಿಯೂ ಆ ಅಳತೆಗೆ ಬರಬಾರದು ಎಂದು ಪೀಠ ಹೇಳಿತು.

ಇಷ್ಟು ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಹನ್ನೆರಡು ವರ್ಷದೊಳಗಿನ ಬಾಲಕಿಯ ಮೇಲಿನ ಅತ್ಯಾಚಾರಕ್ಕೆ ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೂಡದೆಂದು ಆಗಲೇ ಕಾನೂನಿತ್ತಲ್ಲ, ಹಾಗಿದ್ದೂ ನಾಲ್ಕು ವರ್ಷ ಎಂದು ಬರೆಯಲು ಹೇಗೆ ಸಾಧ್ಯವಾಯಿತು? ಉತ್ತರ ಇರುವುದು ಅದೇ ಕಾನೂನಿನ ಒಂದು ಸಣ್ಣ ವಾಕ್ಯದಲ್ಲಿ. ಸುಮಾರು ಮೂವತ್ತು ವರ್ಷ ಬಾಳಿದ ಆ ವಾಕ್ಯದ ಕಥೆ, ನಮ್ಮ ನ್ಯಾಯಾಲಯಗಳು ಅತ್ಯಾಚಾರವನ್ನು ಯಾವ ಕಣ್ಣಿನಿಂದ ನೋಡುತ್ತ ಬಂದವು ಎಂಬುದರ ಕಥೆಯೂ ಹೌದು.

ಕನಿಷ್ಠವೇ ಇರಲಿಲ್ಲ

1860ರ ಭಾರತೀಯ ದಂಡ ಸಂಹಿತೆ ಅತ್ಯಾಚಾರಕ್ಕೆ ಗರಿಷ್ಠ ಶಿಕ್ಷೆಯನ್ನಷ್ಟೇ ಗೊತ್ತುಮಾಡಿತ್ತು. ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗಿನ ಸೆರೆವಾಸ. ಕನಿಷ್ಠ ಇಷ್ಟು ಎಂಬ ಮಾತೇ ಇರಲಿಲ್ಲ. ಒಂದು ವರ್ಷ ಕೊಟ್ಟರೂ ಕಾನೂನಿಗೆ ಭಂಗವಿರಲಿಲ್ಲ. ಎಷ್ಟು ಕೊಡಬೇಕೆಂಬುದು ಪೂರ್ತಿಯಾಗಿ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಆ ವಿವೇಚನೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ 1979ರ ಹರಿಯಾಣದ ಪ್ರಕರಣವೊಂದನ್ನು ನೋಡಬಹುದು. 22ರ ಯುವಕ ಹಾಡಹಗಲೇ ಪಕ್ಕದ ಮನೆಗೆ ನುಗ್ಗಿ, ಒಂಟಿಯಾಗಿದ್ದ 24ರ ಸಂಬಂಧಿ ಯುವತಿಯ ಮೇಲೆ ಅತ್ಯಾಚಾರ ನಡೆಸಿದ್ದ. ನಾಲ್ಕು ವರ್ಷ ಸಜೆಯಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ಎರಡಕ್ಕೆ ಇಳಿಸಿತು. ತೀರ್ಪು ಬರೆದವರು ಯಾರೋ ಹಳೆಯ ಕಾಲದ ಸಂಪ್ರದಾಯಸ್ಥರಲ್ಲ, ಬಡವರ ಪರವಾಗಿ, ಕೈದಿಗಳ ಹಕ್ಕುಗಳ ಪರವಾಗಿ ದೇಶದಲ್ಲೇ ಹೆಸರು ಮಾಡಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್! ಯುವಕ ಕಾಮದ ಒತ್ತಡಕ್ಕೆ ಸಿಕ್ಕಿ ತಪ್ಪು ಮಾಡಿದ್ದಾನೆ, ಇದು ಅವನ ಮೊದಲ ಅಪರಾಧ, ಹುಡುಗಿಯ ಮನೆಯವರು ಕ್ಷಮಿಸಿದ್ದಾರೆ, ಹಳೆಯ ಕೈದಿಗಳ ಜತೆ ಬಹಳ ಕಾಲ ಇಟ್ಟರೆ ಇನ್ನೂ ಕೆಡುತ್ತಾನೆ ಎಂಬ ಧಾಟಿಯ ಕಾರಣಗಳು ತೀರ್ಪಿನಲ್ಲಿದ್ದವು.

ಸೆರೆಮನೆ ಮನುಷ್ಯನನ್ನು ತಿದ್ದಬೇಕೇ ಹೊರತು ಮುರಿಯಬಾರದು ಎಂಬ ಕೃಷ್ಣಯ್ಯರ್ ಅವರ ನಂಬಿಕೆಯನ್ನು ತಳ್ಳಿಹಾಕುವಂತಿಲ್ಲ. ಆ ಕಾಲದಲ್ಲಿ ಅದನ್ನು ಹೇಳಲು ಧೈರ್ಯವೂ ಬೇಕಿತ್ತು. ತೊಂದರೆ ಎಲ್ಲಿ ಬಂತೆಂದರೆ, ಆ ಲೆಕ್ಕದಲ್ಲಿ ಯುವಕನ ನಾಳೆ ಇತ್ತು, ಯುವತಿಯ ನಾಳೆ ಇರಲಿಲ್ಲ. ಮುಂದಿನ ವರ್ಷ, 1980ರಲ್ಲಿ, ಉತ್ತರ ಪ್ರದೇಶದ ಇನ್ನೊಂದು ಪ್ರಕರಣದಲ್ಲಿ ಇದೇ ನ್ಯಾಯಮೂರ್ತಿಗಳು ಅಪರಾಧಿಯ ಮನವಿಯನ್ನು ಸಾರಾಸಗಟಾಗಿ ತಿರಸ್ಕರಿಸಿ, ಕೊಲೆಗಾರ ದೇಹವನ್ನು ಕೊಂದರೆ ಅತ್ಯಾಚಾರಿ ಆತ್ಮವನ್ನೇ ಕೊಲ್ಲುತ್ತಾನೆ ಎಂಬರ್ಥದ ಮಾತು ಬರೆದರು. ಒಬ್ಬರೇ ನ್ಯಾಯಮೂರ್ತಿ, ಒಂದೇ ವರ್ಷದ ಅಂತರ. ಶಿಕ್ಷೆಯ ಅಳತೆಗೋಲು ಎಷ್ಟು ಸಡಿಲವಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಂದು ಪತ್ರ, ಒಂದು ತಿದ್ದುಪಡಿ

ಅಷ್ಟರಲ್ಲಿ ದೇಶದಲ್ಲಿ ಬೇರೊಂದು ಕಿಡಿ ಹತ್ತಿತ್ತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ 1972ರ ಮಾರ್ಚ್ 26ರ ರಾತ್ರಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದಿತ್ತು. ಸೆಷನ್ಸ್ ನ್ಯಾಯಾಲಯ ಇಬ್ಬರು ಪೊಲೀಸರನ್ನೂ ಖುಲಾಸೆ ಮಾಡಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಆ ತೀರ್ಪನ್ನು ತಿರುಗಿಸಿ ಒಬ್ಬನಿಗೆ ಐದು ವರ್ಷ, ಇನ್ನೊಬ್ಬನಿಗೆ ಒಂದು ವರ್ಷ ಸಜೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರನ್ನೂ ಬಿಡುಗಡೆ ಮಾಡಿತು. ಹುಡುಗಿಯ ಮೈಮೇಲೆ ಗಾಯಗಳಿರಲಿಲ್ಲ, ಕೂಗಿಕೊಂಡದ್ದಕ್ಕೆ ನಂಬುವಂಥ ಪುರಾವೆ ಇಲ್ಲ, ಆದ್ದರಿಂದ ಆಕೆ ಸಮ್ಮತಿಸಿದ್ದಳು ಎಂಬುದು ತರ್ಕ. ರಾತ್ರಿ ಹೊತ್ತು, ಪೊಲೀಸ್ ಠಾಣೆಯೊಳಗೆ, ಸಮವಸ್ತ್ರದವನ ಮುಂದೆ ಹದಿಹರೆಯದ ಬಡ ಹುಡುಗಿ ಕೂಗಾಡಲಿಲ್ಲವಂತೆ, ಅದಕ್ಕೇ ಸಮ್ಮತಿ!

1979ರ ಸೆಪ್ಟೆಂಬರ್ 16ರಂದು ಕಾನೂನು ಬೋಧಕರಾದ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಂವಾರ್ ಮತ್ತು ರಘುನಾಥ್ ಕೇಳ್ಕರ್ ಅವರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ವಿಧೇಯತೆ ಬೇರೆ, ಸಮ್ಮತಿ ಬೇರೆ ಎಂಬುದು ಪತ್ರದ ತಿರುಳು. ಮಹಿಳಾ ಸಂಘಟನೆಗಳು ಬೀದಿಗಿಳಿದವು. ಸಂಸತ್ತಿನಲ್ಲಿ ಮಸೂದೆ ಬಂತು, ಜಂಟಿ ಸಮಿತಿ ಕೂತಿತು. ಕೊನೆಗೆ 1983ರ ಡಿಸೆಂಬರ್‌ನಲ್ಲಿ ದಂಡ ಸಂಹಿತೆಗೆ ತಿದ್ದುಪಡಿಯಾಯಿತು.

ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆ ಬಂದದ್ದು ಆಗ. ಸಾಮಾನ್ಯ ಪ್ರಕರಣಗಳಲ್ಲಿ ಏಳು ವರ್ಷ. ಪೊಲೀಸರು, ಸರ್ಕಾರಿ ನೌಕರರು ತಮ್ಮ ವಶದಲ್ಲಿರುವ ಹೆಂಗಸಿನ ಮೇಲೆ ಎಸಗಿದರೆ, ಸಾಮೂಹಿಕವಾಗಿ ಎಸಗಿದರೆ, ಗರ್ಭಿಣಿ ಅಥವಾ ಹನ್ನೆರಡರೊಳಗಿನ ಬಾಲಕಿಯ ಮೇಲೆ ಎಸಗಿದರೆ ಹತ್ತು ವರ್ಷ. ಆದರೆ ಕೊನೆಯಲ್ಲಿ ಒಂದು ಬಾಲವೂ ಇತ್ತು. ಕಾನೂನಿನ ಭಾಷೆಯಲ್ಲಿ ಅದಕ್ಕೆ ಪರಂತುಕ ಎನ್ನುತ್ತಾರೆ. ಮೇಲೆ ಹೇಳಿದ ನಿಯಮಕ್ಕೆ ಕೆಳಗೆ ಕೊಡುವ ವಿನಾಯಿತಿ ಎಂದರೆ ಸಾಕು. ಸಮರ್ಪಕವೂ ವಿಶೇಷವೂ ಆದ ಕಾರಣಗಳಿದ್ದರೆ, ಅವನ್ನು ತೀರ್ಪಿನಲ್ಲಿ ಬರೆದು, ನ್ಯಾಯಾಲಯ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆಯನ್ನೂ ಕೊಡಬಹುದು ಎಂದಿತ್ತು ಆ ಪರಂತುಕ.

ಮನೆಗೆ ಗಟ್ಟಿ ಬಾಗಿಲು ಹಾಕಿಸಿ, ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೇ ನೇತುಹಾಕಿದಂತಾಯಿತು.

ಬೀಗದ ಕೈ ಬಳಕೆಗೆ ಬಂದದ್ದು

ತಿದ್ದುಪಡಿ ಜಾರಿಗೆ ಬಂದ ಕೆಲವೇ ತಿಂಗಳಲ್ಲಿ, 1984ರಲ್ಲಿ, ಹರಿಯಾಣದ ಇಬ್ಬರು ಪೊಲೀಸರು ಅತ್ಯಾಚಾರದ ಆರೋಪಕ್ಕೆ ಗುರಿಯಾದರು. ಪೊಲೀಸರೇ ಅಪರಾಧಿಗಳಾದರೆ ಹತ್ತು ವರ್ಷ ಎಂದು ಹೊಸ ಕಾನೂನು ಹೇಳಿದ್ದು ಇಂಥ ಪ್ರಕರಣಗಳಿಗಾಗಿಯೇ. ಹತ್ತು ವರ್ಷ ಸಜೆಯೂ ಆಯಿತು, ಹೈಕೋರ್ಟ್ ಎತ್ತಿಯೂ ಹಿಡಿಯಿತು. 1989ರಲ್ಲಿ ಸುಪ್ರೀಂ ಕೋರ್ಟ್ ಅಪರಾಧ ಸಾಬೀತಾಗಿದೆ ಎಂದು ಒಪ್ಪಿಕೊಂಡೇ ಶಿಕ್ಷೆಯನ್ನು ಐದು ವರ್ಷಕ್ಕೆ ಇಳಿಸಿತು. ಕಾರಣ ಹುಡುಗಿಯ ‘ನಡತೆ’ ಎಂದಿತು ತೀರ್ಪು.

ದೇಶದುದ್ದಕ್ಕೂ ಪ್ರತಿಭಟನೆ ಎದ್ದಿತು. ಹರಿಯಾಣ ಸರ್ಕಾರವೇ ಮರುಪರಿಶೀಲನೆಗೆ ಅರ್ಜಿ ಹಾಕಿತು. ಆಗ ನ್ಯಾಯಾಲಯ ಕೊಟ್ಟ ವಿವರಣೆ ಕುತೂಹಲಕರವಾಗಿದೆ. ನಡತೆ ಎಂದರೆ ಹುಡುಗಿಯ ಶೀಲದ ಬಗ್ಗೆ ಹೇಳಿದ್ದಲ್ಲ, ಐದು ದಿನ ಯಾರಿಗೂ ವಿಷಯ ತಿಳಿಸದೆ ಸುಮ್ಮನಿದ್ದಳಲ್ಲ, ಆ ವರ್ತನೆಯನ್ನು ಉದ್ದೇಶಿಸಿ ಬರೆದದ್ದು ಎಂದಿತು. ಶಿಕ್ಷೆ ಮಾತ್ರ ಐದಕ್ಕೇ ನಿಂತಿತು. ಆದರೆ ದೂರು ಕೊಡಬೇಕಾದದ್ದು ಯಾರಿಗೆ? ಪೊಲೀಸರಿಗೆ. ಯಾರ ಮೇಲೆ? ಪೊಲೀಸರ ಮೇಲೆಯೇ. ಐದು ದಿನದ ಮೌನಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿತ್ತೇ? ಹುಡುಗಿ ತಡಮಾಡಿದ ಐದು ದಿನ, ಅಪರಾಧಿಗಳಿಗೆ ಐದು ವರ್ಷದ ರಿಯಾಯಿತಿಯಾಗಿ ಒದಗಿತು.

ಇಲ್ಲಿ ಮೇಲ್ಮನವಿಯ ವ್ಯವಸ್ಥೆಯ ಬಗ್ಗೆ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಶಿಕ್ಷೆಗೊಳಗಾದವನು ಮೇಲ್ಮನವಿಯಲ್ಲಿ ಎರಡು ಮಾತು ಹೇಳಬಹುದು. ತಪ್ಪು ಮಾಡಿಲ್ಲ, ಬಿಟ್ಟುಬಿಡಿ ಎಂಬುದು ಒಂದು. ತಪ್ಪು ಸಾಬೀತಾಗಿದೆ ಎಂದೇ ಇಟ್ಟುಕೊಳ್ಳಿ, ಶಿಕ್ಷೆ ಹೆಚ್ಚಾಯಿತು ಎಂಬುದು ಇನ್ನೊಂದು. ಸೆಷನ್ಸ್ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನದ ಅವಧಿ. ಸಾಕ್ಷ್ಯ ಬಲವಾಗಿದ್ದು ಖುಲಾಸೆಯ ಆಸೆ ಇಲ್ಲವೆಂದಾದರೆ ವಕೀಲರು ಮೊದಲ ವಾದವನ್ನು ಕೈಬಿಟ್ಟು ಎರಡನೆಯದನ್ನೇ ಹಿಡಿಯುತ್ತಾರೆ. ಸುಪ್ರೀಂ ಕೋರ್ಟಿನಲ್ಲಂತೂ ಶಿಕ್ಷೆಯ ಪ್ರಮಾಣಕ್ಕಷ್ಟೇ ಸೀಮಿತವಾಗಿ ನೋಟಿಸು ಹೊರಡುವುದು ಮಾಮೂಲು.

ಇದರಲ್ಲಿ ಅನ್ಯಾಯವೇನೂ ಇಲ್ಲ. ಕೆಳ ನ್ಯಾಯಾಲಯ ಹೆಚ್ಚು ಕೊಟ್ಟಿರಬಹುದು. ಒಂದೇ ಪ್ರಕರಣದ ಇಬ್ಬರಲ್ಲಿ ಒಬ್ಬನ ಪಾತ್ರ ಕಡಿಮೆ ಇದ್ದಿರಬಹುದು. ತೀರ್ಪು ಕೊಡುವ ದಿನ ಊರಿನ ಆಕ್ರೋಶವೆಲ್ಲ ನ್ಯಾಯಾಲಯದ ಅಂಗಳದಲ್ಲಿ ನಿಂತಿರಬಹುದು. ಇವನ್ನು ತಣ್ಣಗೆ ಕುಳಿತು ನೋಡಲು ಮೇಲೊಂದು ನ್ಯಾಯಾಲಯ ಬೇಕೇ ಬೇಕು. ಎಷ್ಟೇ ಹೀನ ಅಪರಾಧ ಮಾಡಿದವನಿಗೂ ಈ ಹಕ್ಕು ಇರಬೇಕು, ಇದೆ. ಇನ್ನೂ ಒಂದು ಅನುಕೂಲ ಕಾನೂನು ಅವನಿಗೆ ಕೊಟ್ಟಿದೆ. ಅವನೊಬ್ಬನೇ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಇಳಿಸಬಹುದೇ ಹೊರತು ಏರಿಸುವಂತಿಲ್ಲ. ಕೇಳಲು ಹೋದವನಿಗೆ ಇದ್ದದ್ದೂ ಹೋಗುವ ಭಯ ಇರಬಾರದಲ್ಲ!

ಜಗಳ ಇದ್ದದ್ದು ಹಕ್ಕಿನ ಬಗ್ಗೆ ಅಲ್ಲ, ಕಾರಣಗಳ ಬಗ್ಗೆ. ಕಾನೂನು ಕೇಳಿದ್ದು ‘ವಿಶೇಷ’ ಕಾರಣ. ಬಡತನ, ಹೆಂಡತಿ ಮಕ್ಕಳು, ಚಿಕ್ಕ ವಯಸ್ಸು, ಮೊದಲ ತಪ್ಪು ಇವು ನಮ್ಮ ಜೈಲುಗಳಲ್ಲಿರುವ ಬಹುಪಾಲು ಕೈದಿಗಳಿಗೆಲ್ಲ ಅನ್ವಯಿಸುವ ಮಾತು. ಎಲ್ಲರಿಗೂ ಅನ್ವಯಿಸುವುದು ವಿಶೇಷ ಹೇಗಾದೀತು? 1973ರ ದಂಡ ಪ್ರಕ್ರಿಯಾ ಸಂಹಿತೆ, ತಪ್ಪಿತಸ್ಥನೆಂದು ಘೋಷಿಸಿದ ಮೇಲೆ ಶಿಕ್ಷೆಯ ಬಗ್ಗೆಯೇ ಪ್ರತ್ಯೇಕವಾಗಿ ಅವನ ಅಹವಾಲು ಕೇಳಬೇಕೆಂದು ನಿಯಮ ಮಾಡಿತು. ಒಳ್ಳೆಯ ನಿಯಮ. ಆದರೆ ಹಲವು ನ್ಯಾಯಾಲಯಗಳಲ್ಲಿ ಅದು ಕಂಠಪಾಠದ ಹಾಗಾಯಿತು. ಬಡವ, ಮನೆಗೆ ಆಧಾರ, ಇನ್ನು ಮೇಲೆ ಮಾಡುವುದಿಲ್ಲ. ಕೆಳಗೆ ಹೇಳಿದ್ದನ್ನೇ ಮೇಲೆಯೂ ಹೇಳಿದರು, ಕೆಲವೊಮ್ಮೆ ಅದು ನಡೆಯಿತು.

ಆಂಧ್ರಪ್ರದೇಶದಲ್ಲಿ 13-14ರ ಹುಡುಗಿಯ ಪ್ರಕರಣದಲ್ಲಿ ಹೈಕೋರ್ಟ್ ಹತ್ತನ್ನು ನಾಲ್ಕು ಮಾಡಿತು, 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಏಳಕ್ಕೆ ಏರಿಸಿತು. ಕರ್ನಾಟಕದ ಮೊದಲು ಹೇಳಿದ ಪ್ರಕರಣ 2000ದ್ದು. ನಮ್ಮ ರಾಜ್ಯದ್ದೇ ಇನ್ನೊಂದರಲ್ಲಿ, ಅಪರಾಧಿ 18ರ ಪ್ರಾಯದ ಅವಿದ್ಯಾವಂತ ಹುಡುಗ ಎಂದು ಹೈಕೋರ್ಟ್ ಮೂರೂವರೆ ವರ್ಷಕ್ಕೆ ಇಳಿಸಿದ್ದನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಂದರೆ ಏಳು ವರ್ಷದ ಹಿಂದೆ ಅಷ್ಟು ಸ್ಪಷ್ಟವಾಗಿ ಹೇಳಿದ್ದು ಕೆಳಗಿಳಿದು ಬಂದಿರಲಿಲ್ಲ.

ಕಾಲವೇ ಕಾರಣವಾದಾಗ

ಎಲ್ಲಕ್ಕಿಂತ ವಿಚಿತ್ರವಾದ ‘ವಿಶೇಷ ಕಾರಣ’ ಇನ್ನೊಂದಿದೆ. ಅದು ವಿಳಂಬ. ಅದನ್ನು ಒದಗಿಸಿದ್ದು ಖುದ್ದು ನ್ಯಾಯಾಲಯಗಳೇ.

1984ರಲ್ಲಿ ಪಂಜಾಬಿನಲ್ಲಿ ಮೆಟ್ರಿಕ್ ಪರೀಕ್ಷೆ ಬರೆಯುತ್ತಿದ್ದ, ಹದಿನಾರು ತುಂಬದ ಹುಡುಗಿಯನ್ನು ಕಾರಿನಲ್ಲಿ ಹೊತ್ತೊಯ್ದು ಸಾಮೂಹಿಕ ಅತ್ಯಾಚಾರ ನಡೆಸಲಾಯಿತು. ವಿಚಾರಣಾ ನ್ಯಾಯಾಲಯ 1985ರಲ್ಲಿ ಆರೋಪಿಗಳನ್ನು ಬಿಟ್ಟದ್ದಲ್ಲದೆ ಹುಡುಗಿಯ ಶೀಲದ ಮೇಲೂ ಕಲ್ಲೆಸೆಯಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಇಂಥ ವಿಚಾರಣೆ ಮುಚ್ಚಿದ ಕೋಣೆಯಲ್ಲೇ ನಡೆಯಬೇಕು, ನೊಂದವಳ ಮಾತಿಗೆ ಬೇರೆ ಆಸರೆ ಇರಲೇಬೇಕೆಂದಿಲ್ಲ ಎಂದು ಈ ತೀರ್ಪು ಹೇಳಿದ್ದನ್ನು ಇವತ್ತಿಗೂ ವಕೀಲರು ಉಲ್ಲೇಖಿಸುತ್ತಾರೆ. ಬರೆದವರು ಎ.ಎಸ್. ಆನಂದ್. ಆದರೆ ಅದರ ಕೊನೆಯ ಪುಟಗಳನ್ನು ನೆನೆಯುವವರು ಕಡಿಮೆ. ಕೃತ್ಯ ನಡೆದಾಗ ಆರೋಪಿಗಳು 21ರಿಂದ 24ರ ಹರೆಯದವರು, ಬಿಡುಗಡೆಯಾಗಿ ಹತ್ತು ವರ್ಷ ದಾಟಿದೆ, ಈ ನಡುವೆ ಬೇರೆ ಅಪರಾಧ ಮಾಡಿಲ್ಲ ಎಂದು ಐದು ವರ್ಷ ಸಜೆ ವಿಧಿಸಲಾಯಿತು. ಕನಿಷ್ಠ ಹತ್ತು ಇರಬೇಕಾದ ಕಡೆ ಐದು. ನಾಲ್ಕು ವರ್ಷದ ಬಳಿಕ ಕರ್ನಾಟಕದ ಪ್ರಕರಣದಲ್ಲಿ ಹತ್ತನ್ನು ಉಳಿಸಿದ್ದೂ ಇದೇ ನ್ಯಾಯಮೂರ್ತಿಗಳ ಲೇಖನಿ. ಬಾಲಕಿಯ ವಯಸ್ಸು, ಪ್ರಕರಣದ ಇತಿಹಾಸ ಎರಡರಲ್ಲೂ ಬೇರೆ ಎಂಬುದು ನಿಜ. ಆದರೂ ಪಂಜಾಬಿನ ಹುಡುಗಿಯ ಪಾಲಿಗೆ ತಪ್ಪು ತೀರ್ಪು ಬಂದದ್ದು ಒಂದು ನಷ್ಟ, ಅದನ್ನು ಸರಿಪಡಿಸಲು ಹತ್ತು ವರ್ಷ ಹಿಡಿದದ್ದು ಇನ್ನೊಂದು, ಆ ಹತ್ತು ವರ್ಷವೇ ಎದುರಾಳಿಯ ಪರ ವಾದವಾದದ್ದು ಮೂರನೆಯದು.

ಈ ದಾರಿ ಎಲ್ಲಿಗೆ ಮುಟ್ಟಿತು ಎಂಬುದು 2011ರ ಫೆಬ್ರವರಿಯಲ್ಲಿ ಕಂಡಿತು. ಪಂಜಾಬಿನಲ್ಲಿ 1997ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರ. ಹತ್ತು ವರ್ಷ ಸಜೆ. ಅಪರಾಧಿಗಳು ಸುಮಾರು ಮೂರೂವರೆ ವರ್ಷ ಒಳಗಿದ್ದರು. ಹದಿನಾಲ್ಕು ವರ್ಷ ಕಳೆದಿದೆ, ಆಕೆಗೂ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ, ಎರಡೂ ಕಡೆಯವರು ರಾಜಿಯಾಗಿದ್ದಾರೆ ಎಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಅನುಭವಿಸಿದಷ್ಟೇ ಸಜೆ ಸಾಕು, ಒಬ್ಬೊಬ್ಬರೂ 50,000 ರೂಪಾಯಿ ಆಕೆಗೆ ಕೊಡಲಿ ಎಂದು ಮುಗಿಸಿತು. ಅತ್ಯಾಚಾರ ರಾಜಿಯಾಗಬಹುದಾದ ಅಪರಾಧವೇ ಅಲ್ಲ. ಶಿಕ್ಷೆ ಇಳಿಸಲು ಮಾತ್ರ ರಾಜಿಪತ್ರ ಕೆಲಸಕ್ಕೆ ಬಂತು. ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೆ ಹೆಣ್ಣಿನ ಕಡೆಯವರನ್ನು ಕೂರಿಸಿ ‘ಆದದ್ದಾಯಿತು, ಬಿಡಿ’ ಎಂದು ಹೆಬ್ಬೆಟ್ಟು ಒತ್ತಿಸುವುದು ನಮ್ಮಲ್ಲಿ ಹೊಸತಲ್ಲ. ದೆಹಲಿಯ ತೀರ್ಪಿನ ಬಲ ಸಿಕ್ಕಿದರೆ ಆ ಕಟ್ಟೆ ಇನ್ನಷ್ಟು ಎತ್ತರವಾಗುತ್ತದೆ.

2013ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ನೇತೃತ್ವದ ಮೂವರ ಪೀಠ ಈ ಬಾಗಿಲನ್ನು ಮುಚ್ಚಿತು. ರಾಜಿ ಒಪ್ಪಂದವನ್ನು ಶಿಕ್ಷೆ ಇಳಿಸಲು ಕಾರಣ ಮಾಡಿಕೊಳ್ಳುವಂತಿಲ್ಲ, ಅದು ನಿಜವಾದ ರಾಜಿಯೋ ಒತ್ತಡದ ಫಲವೋ ಹೇಳಲಾಗದು ಎಂದಿತು. ಆ ಹೊತ್ತಿಗೆ ಪರಂತುಕವೇ ಕಾನೂನು ಪುಸ್ತಕದಿಂದ ಹೋಗಿತ್ತು. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಕೃತ್ಯ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿ, ಅದರ ಬೆನ್ನಿಗೆ ಬಂದ 2013ರ ತಿದ್ದುಪಡಿ ಎಲ್ಲರಿಗೂ ನೆನಪಿರುವಂಥದು. ಆ ತಿದ್ದುಪಡಿಯಲ್ಲಿ ‘ಸಮರ್ಪಕ ಮತ್ತು ವಿಶೇಷ ಕಾರಣ’ ಎಂಬ ಮಾತು ಸದ್ದಿಲ್ಲದೆ ಬಿದ್ದುಹೋಯಿತು. 2018ರಲ್ಲಿ ಕನಿಷ್ಠ ಶಿಕ್ಷೆ ಏಳರಿಂದ ಹತ್ತಕ್ಕೆ ಏರಿತು, ಹದಿನಾರರೊಳಗಿನವರ ಪ್ರಕರಣಗಳಲ್ಲಿ ಇಪ್ಪತ್ತಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹತ್ತನ್ನೇ ಉಳಿಸಿಕೊಂಡಿದೆ. ಆದರೆ ಶಿಕ್ಷೆ ನಿರ್ಧಾರವಾಗುವುದು ಕೃತ್ಯ ನಡೆದ ದಿನ ಇದ್ದ ಕಾನೂನಿನಂತೆ. 2013ರ ಫೆಬ್ರವರಿಗೆ ಮೊದಲಿನ ಕೃತ್ಯಗಳ ಮೇಲ್ಮನವಿಗಳಿಗೆ ಹಳೆಯ ಪರಂತುಕದ ಆಸರೆ ಇದ್ದೇ ಇದೆ.

ಕಲಮು ಬದಲಾದರೆ?

ಕನಿಷ್ಠದ ಕೆಳಗೆ ಇಳಿಯುವಂತಿಲ್ಲ ಎಂದಾದ ಮೇಲೆ ಮೇಲ್ಮನವಿಯ ವಾದ ಬೇರೆ ದಿಕ್ಕಿಗೆ ಹೊರಳಿತು. ಶಿಕ್ಷೆಯನ್ನು ಇಳಿಸಲಾಗದಿದ್ದರೆ ಅಪರಾಧದ ಹೆಸರನ್ನೇ ಇಳಿಸಬಹುದಲ್ಲ!

2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ಪ್ರಕರಣದಲ್ಲಿ, ಬಟ್ಟೆಯ ಮೇಲಿಂದ ಮುಟ್ಟಿದ್ದು, ಚರ್ಮಕ್ಕೆ ಚರ್ಮ ತಾಕಿಲ್ಲ, ಆದ್ದರಿಂದ ಪೋಕ್ಸೊ ಕಾಯ್ದೆಯ ಲೈಂಗಿಕ ದೌರ್ಜನ್ಯದ ಕಲಮು ಅನ್ವಯಿಸದು ಎಂದಿತು. ಆ ಕಲಮಿನಲ್ಲಿ ಕನಿಷ್ಠ ಮೂರು ವರ್ಷ. ದಂಡ ಸಂಹಿತೆಯ ಮಾನಭಂಗದ ಕಲಮಿಗೆ ಬದಲಾಯಿಸಿದ್ದರಿಂದ ಅದು ಒಂದು ವರ್ಷವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಕೈಗವಸು ತೊಟ್ಟವನೂ ಇದೇ ತರ್ಕದಲ್ಲಿ ಪಾರಾಗುತ್ತಾನಲ್ಲ ಎಂಬ ಪ್ರಶ್ನೆ ಆಗ ವಿಚಾರಣೆಯಲ್ಲಿ ಎದ್ದಿತ್ತು. ಅದೇ 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಸುಮಾರು ಹತ್ತು ವರ್ಷದ ಬಾಲಕನ ಪ್ರಕರಣದಲ್ಲಿ ಕೃತ್ಯವನ್ನು ‘ಉಗ್ರ’ ವರ್ಗದಿಂದ ಸಾಮಾನ್ಯ ವರ್ಗಕ್ಕೆ ಇಳಿಸಿ, ಹತ್ತು ವರ್ಷದ ಸಜೆಯನ್ನು ಏಳು ಮಾಡಿತು. ಹನ್ನೆರಡರೊಳಗಿನ ಮಗುವಿನ ಮೇಲಿನ ಕೃತ್ಯ ಕಾಯ್ದೆಯ ಪ್ರಕಾರವೇ ಉಗ್ರ ವರ್ಗದ್ದು. 2023ರಲ್ಲಿ ಸುಪ್ರೀಂ ಕೋರ್ಟ್ ಹತ್ತನ್ನು ಮರಳಿಸಿತು. ಕಾಯ್ದೆ ‘ಇಷ್ಟಕ್ಕಿಂತ ಕಡಿಮೆ ಕೂಡದು’ ಎಂದಿರುವಾಗ ನ್ಯಾಯಾಲಯಕ್ಕೆ ಬೇರೆ ಆಯ್ಕೆ ಇಲ್ಲ ಎಂದಿತು.

ಬೇರೆ ಆಯ್ಕೆ ಇಲ್ಲದಿರುವುದೇ ಕೆಲವೊಮ್ಮೆ ಕಷ್ಟವಾಗುತ್ತದೆ ಎಂಬುದೂ ಸುಳ್ಳಲ್ಲ. ಪಶ್ಚಿಮ ಬಂಗಾಳದ ಹದಿನಾಲ್ಕರ ಹುಡುಗಿಯೊಬ್ಬಳು ಮನೆ ಬಿಟ್ಟು 25ರ ಯುವಕನೊಂದಿಗೆ ಹೋದಳು, ಮಗುವಾಯಿತು. ಅವನಿಗೆ ಇಪ್ಪತ್ತು ವರ್ಷ ಸಜೆ ಬಿತ್ತು. 2023ರಲ್ಲಿ ಕಲ್ಕತ್ತಾ ಹೈಕೋರ್ಟ್ ಅವನನ್ನು ಬಿಡುಗಡೆ ಮಾಡಿ, ಜತೆಗೆ ಹುಡುಗಿಯರು ಹೇಗಿರಬೇಕೆಂದು ಉಪದೇಶವನ್ನೂ ಮಾಡಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಉಪದೇಶವನ್ನು ಖಂಡಿಸಿ, ಅಪರಾಧವನ್ನು ಎತ್ತಿಹಿಡಿಯಿತು. ಶಿಕ್ಷೆಯ ಪ್ರಶ್ನೆಗೆ ಬಂದಾಗ ಮಾತ್ರ ತಜ್ಞರ ಸಮಿತಿಯೊಂದನ್ನು ಆಕೆಯ ಬಳಿಗೆ ಕಳಿಸಿತು. ಆಕೆ ಈಗ ವಯಸ್ಕಳು. ಕೃತ್ಯಕ್ಕಿಂತ ಹೆಚ್ಚಾಗಿ, ನಂತರದ ಪೊಲೀಸು, ಕೋರ್ಟು, ಗಂಡನನ್ನು ಬಿಡಿಸಿಕೊಳ್ಳುವ ಓಡಾಟ ಇವೇ ಆಕೆಯನ್ನು ಹಣ್ಣು ಮಾಡಿವೆ ಎಂದು ನ್ಯಾಯಾಲಯಕ್ಕೆ ತಿಳಿದುಬಂತು. 2025ರ ಮೇ 23ರಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಅಪರಾಧಿಗೆ ಶಿಕ್ಷೆಯನ್ನೇ ವಿಧಿಸಲಿಲ್ಲ. ಇದು ಬೇರೆಯವರಿಗೆ ಮೇಲ್ಪಂಕ್ತಿಯಲ್ಲ ಎಂದೂ ಹೇಳಿತು. 142ನೇ ವಿಧಿ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ. ಹೈಕೋರ್ಟಿಗೂ ಇಲ್ಲ, ಸೆಷನ್ಸ್ ನ್ಯಾಯಾಧೀಶರಿಗೂ ಇಲ್ಲ.

1979ರ ‘ಕ್ಷಮಿಸಿದ್ದಾರೆ’ ಎಂಬ ಮಾತಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ನೊಂದವಳ ಪರವಾಗಿ ಮನೆಯವರು ಮಾತಾಡಿದ್ದರು. ಇಲ್ಲಿ, ತಡವಾಗಿಯಾದರೂ, ಅವಳನ್ನೇ ಕೇಳಲಾಯಿತು.

ಆದರೆ ಅವಳಾಗಿಯೇ ಬಂದು ಕೇಳಿದರೆ? ಅಪರಾಧಿಗೆ ಶಿಕ್ಷೆ ಹೆಚ್ಚಾಯಿತು ಎನ್ನಲು ಮೇಲ್ಮನವಿಯ ಹಕ್ಕಿದೆ. ಕಡಿಮೆಯಾಯಿತು ಎನ್ನಲು ಸರ್ಕಾರಕ್ಕಿದೆ, 1973ರ ಸಂಹಿತೆಯ 377ನೇ ಕಲಮು ಅದನ್ನು ಕೊಟ್ಟಿತು. ನೊಂದವರಿಗೂ ಮೇಲ್ಮನವಿಯ ಹಕ್ಕು ಬಂದದ್ದು 2009ರ ಕೊನೆಯಲ್ಲಿ, ಅದೂ ಮೂರು ಸಂದರ್ಭಗಳಿಗೆ: ಆರೋಪಿ ಖುಲಾಸೆಯಾದರೆ, ಸಣ್ಣ ಅಪರಾಧದಡಿ ಶಿಕ್ಷೆಯಾದರೆ, ಪರಿಹಾರ ಸಾಲದಿದ್ದರೆ. ಶಿಕ್ಷೆಯ ಅವಧಿ ಕಡಿಮೆಯಾಯಿತು ಎಂಬುದು ಆ ಪಟ್ಟಿಯಲ್ಲಿಲ್ಲ. ಹಾಗೆ ಮೇಲ್ಮನವಿ ಸಲ್ಲಿಸಲು ಬರುವುದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಪರಿಷ್ಕರಣೆಯ ಅರ್ಜಿ ಎಂಬ ಇನ್ನೊಂದು ದಾರಿ ಇದೆ, ಆದರೆ ಅದನ್ನು ಕೈಗೆತ್ತಿಕೊಳ್ಳುವುದು ಬಿಡುವುದು ನ್ಯಾಯಾಲಯದ ಇಷ್ಟ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಮಿನಲ್ಲೂ ಅದೇ ಮೂರು ಸಂದರ್ಭಗಳು ಹಾಗೆಯೇ ಮುಂದುವರಿದಿವೆ.

ಆ ಏಳೆಂಟು ವರ್ಷದ ಬಾಲಕಿಯ ಪ್ರಕರಣದಲ್ಲಿ ಹೈಕೋರ್ಟ್ ನಾಲ್ಕು ವರ್ಷ ಎಂದ ದಿನ, ಮೇಲೆ ಹೋಗಿ ಕೇಳಬೇಕೇ ಬೇಡವೇ ಎಂಬ ತೀರ್ಮಾನ ಸರ್ಕಾರಿ ಕಚೇರಿಯ ಒಂದು ಕಡತದಲ್ಲಿತ್ತು. ಯಾರೋ ಒಬ್ಬ ಅಧಿಕಾರಿ ಆ ಕಡತದ ಮೇಲೆ ‘ಮೇಲ್ಮನವಿ ಸಲ್ಲಿಸಬಹುದು’ ಎಂದು ಷರಾ ಬರೆದಿರಬೇಕು.